ಬೆವರಿಳಿಸಿ ಇಳಿಸಿದ ತೂಕ

ತಮ್ಮಾ, ದೊಡ್ಡಹಬ್ಬಕ್ಕೆ ಊರಿಗೆ ಬಂದವನು ಹೋಳಿಗೆ ಮುಟ್ಟಲಿಲ್ಲ, ತಟ್ಟೆಗೆ ಅನ್ನ ಹಾಕಿಸಿಕೊಳ್ಳಲಿಲ್ಲ ಎಂದು ನಿನ್ನಮ್ಮ ಹೊಸಬಾಳೆ ಊರ ತುಂಬ ಹೇಳಿಕೊಂಡು ಬಂದಿದ್ದಾಳೆ. ಹುಡುಗನಿಗೆ ಪೇಟೆಯಲ್ಲಿ ಏನೋ ಕಾಯಿಲೆ ಹತ್ತಿದೆ ಎಂದೇ ಅವಳು ತಿಳಿದಿದ್ದಳು. ಆಮೇಲೆ ವಿಷಯ ಗೊತ್ತಾಯಿತು. ಬೆಂಗಳೂರಿನಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದೀಯ, ಪ್ರೊಫೆಷನಲ್ ಆಗುವ ಆಸೆ ಇದೆ, 67 ಕೆ.ಜಿ. ಇರುವ ನೀನು ಲೈಟ್‌ವೇಟಿನ 61.2ಕ್ಕೆ ಇಳಿಯಬೇಕೆಂದು ಯಾರೋ ತಲೆಗೆ ತುಂಬಿದ್ದಾರೆ. ಇಳಿದರೆ ನಿನಗಿಂತ ಸಣ್ಣ ಆಳು ಎದುರಿಗೆ ಸಿಗುತ್ತಾನೆ, ಹೊಡೆದು ಕೆಡವಬಹುದು ಎಂಬ ಲೆಕ್ಕ. ಈ ಲೆಕ್ಕ ಪೂರಾ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ಬೇಡ ಎಂದು ಮುಗಿಸುತ್ತಿದ್ದೆ. ಅರ್ಧ ನಿಜವಾದ್ದರಿಂದ ಕೂತು ಹೇಳಬೇಕಾಗಿದೆ.

ಇದೇನು ಬೆಂಗಳೂರಿನಿಂದ ಬಂದ ಹೊಸ ಚಾಳಿಯಲ್ಲ. ಸುಗ್ಗಿ ಮುಗಿದು ಗದ್ದೆ ಬಯಲಾಯಿತೆಂದರೆ ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರದ ಸುತ್ತ ಫ್ಲೆಕ್ಸುಗಳು ಏಳುತ್ತವೆ: ಹೊನಲು ಬೆಳಕಿನ ಕಬಡ್ಡಿ, 55 ಕೆ.ಜಿ. ವಿಭಾಗ, 60 ಕೆ.ಜಿ. ವಿಭಾಗ. ನೀನೂ ಆಡಿದವನೇ. ತೂಕ ಮಾಡುವ ಕಡೆ ಪುಸ್ತಕ ಹಿಡಿದು ಹೆಸರು ಬರೆಯಲು ನನ್ನನ್ನು ಕೂರಿಸುತ್ತಿದ್ದರು, ಹಾಗಾಗಿ ನಿಮ್ಮೆಲ್ಲರ ಆಟವನ್ನು ಅಂಕಣದಲ್ಲಿ ನೋಡುವ ಮೊದಲು ತಕ್ಕಡಿಯ ಮೇಲೆ ನೋಡಿದವನು ನಾನು. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಜರ್ಸಿಯ ಮೇಲೊಂದು ಸ್ವೆಟರು, ಅದರ ಮೇಲೊಂದು ಜರ್ಕಿನ್ ಹಾಕಿಕೊಂಡು ಮೈದಾನ ಸುತ್ತುವ ಹುಡುಗರು. ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಎಂಜಲು ಬರಿಸಿ ಉಗುಳುವವರು. ಹಿಂದಿನ ರಾತ್ರಿಯಿಂದ ನೀರು ಬಿಟ್ಟು ತುಟಿ ಒಡೆದವರು. ಸರದಿ ಬಂದಾಗ ಅಂಗಿ ಹೋಯಿತು, ಬನೀನು ಹೋಯಿತು, ಕೈಯ ಕಡಗ ಹೋಯಿತು, ಕೊನೆಗೆ ಉಡಿದಾರವನ್ನೂ ಕಿತ್ತು ಗೆಳೆಯನ ಕೈಗೆ ಕೊಟ್ಟು ಉಸಿರು ಬಿಗಿಹಿಡಿದು ಹತ್ತುತ್ತಿದ್ದಿರಿ. ಉಸಿರು ಹಿಡಿದರೆ ತೂಕ ಕಡಿಮೆಯಾಗುತ್ತದೆಂದು ನಿಮಗೆ ಹೇಳಿಕೊಟ್ಟವರು ಯಾರೋ! ಕೈಗೆ ಸೀಲು ಬಿದ್ದದ್ದೇ ತಡ, ಅಂಗಡಿಗೆ ಓಟ. ಸೋಡಾ, ಬಾಳೆಹಣ್ಣು, ಗ್ಲೂಕೋಸು, ಒಂದು ಪ್ಲೇಟು ಮಂಡಕ್ಕಿ. ರಾತ್ರಿ ಆಟದ ಎರಡನೇ ಅವಧಿಯಲ್ಲಿ ರೈಡಿಗೆ ಹೋದವನ ಮೀನಖಂಡ ಗಂಟು ಕಟ್ಟಿ, ಯಾರೂ ಮುಟ್ಟದೆ ತಾನೇ ಕುಸಿದು ಕೂರುವುದನ್ನು ನೀನೂ ಕಂಡಿದ್ದೀಯ. ತೂಕಕ್ಕೂ ಆಟಕ್ಕೂ ನಡುವೆ ಇದ್ದದ್ದು ನಾಲ್ಕೈದು ತಾಸು ಅಷ್ಟೆ.

ಪ್ರೊಫೆಷನಲ್ ಬಾಕ್ಸಿಂಗಿನಲ್ಲಿ ಕತೆಯೇ ಬೇರೆ ಅನ್ನುತ್ತೀಯ. ಹೌದು, ಅಲ್ಲಿ ತೂಕ ಹಿಂದಿನ ದಿನ. ನಡುವೆ 24ರಿಂದ 30 ಗಂಟೆ ಸಿಗುತ್ತದೆ. ಹಿಂದೆ ಹಾಗಿರಲಿಲ್ಲ, ಸೆಣಸಾಟದ ದಿನ ಬೆಳಿಗ್ಗೆಯೇ ತೂಗುತ್ತಿದ್ದರು. 1982ರ ನವೆಂಬರ್ 13ರಂದು ಲಾಸ್ ವೇಗಸ್ಸಿನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಎಂಬ ಯುವಕ ರೇ ಮ್ಯಾನ್ಸಿನಿಯ ಎದುರು 14ನೇ ಸುತ್ತಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅದೂ ನಿನಗೆ ಹೇಳಿರುವ ಅದೇ ಲೈಟ್‌ವೇಟ್. ಆ ತೂಕಕ್ಕೆ ಇಳಿಯಲು ಅವನು ಬಹಳ ಒದ್ದಾಡಿದ್ದ ಎಂದು ಆಮೇಲೆ ಪತ್ರಿಕೆಗಳು ಬರೆದವು. ಆ ಸಾವಿನ ನಂತರ 15 ಸುತ್ತುಗಳ ಆಟ 12ಕ್ಕೆ ಇಳಿಯಿತು. ಬಾಕ್ಸರ್‌ಗೆ ನೀರು, ಆಹಾರ ಮೈಗೆ ಹತ್ತಲು ಸಮಯ ಸಿಗಲಿ ಎಂದು ಅದೇ ದಶಕದಲ್ಲಿ ತೂಕವನ್ನು ಹಿಂದಿನ ದಿನಕ್ಕೆ ತಂದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಆದದ್ದೇನು? ಒಂದು ದಿನ ಪೂರ್ತಿ ಸಿಗುತ್ತದಲ್ಲ ಎಂದು ಎರಡು ಕೆ.ಜಿ. ಇಳಿಸುತ್ತಿದ್ದವನು ಐದು ಇಳಿಸಿದ, ಐದು ಇಳಿಸುತ್ತಿದ್ದವನು ಏಳು ಇಳಿಸಿದ. ಎಲ್ಲರೂ ಇಳಿಸತೊಡಗಿದ ಮೇಲೆ ಇಳಿಸದವನೇ ಚಿಕ್ಕವನಾದ.

ಅದರ ಪರಿಣಾಮ ನೋಡು. 2000ದ ಫೆಬ್ರವರಿ 26, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆರ್ಟುರೊ ಗಾಟ್ಟಿ ಮತ್ತು ಜೋಯಿ ಗಮಾಶ್, ಇಬ್ಬರಿಗೂ 141 ಪೌಂಡಿನ ಮಿತಿ. ಹಿಂದಿನ ದಿನ ಇಬ್ಬರೂ ತೂಕ ಕೊಟ್ಟರು. ಮರುದಿನ ರಾತ್ರಿ ರಿಂಗಿಗೆ ಬರುವಾಗ ಟಿ.ವಿ.ಯವರ ತಕ್ಕಡಿಯಲ್ಲಿ ಗಾಟ್ಟಿ 160 ಪೌಂಡ್, ಗಮಾಶ್ 145. ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಏಳು ಕೆ.ಜಿ. ವ್ಯತ್ಯಾಸ. ಎರಡನೇ ಸುತ್ತಿನಲ್ಲಿ ಗಮಾಶ್ ನೆಲಕ್ಕೆ ಬಿದ್ದ, ಮಿದುಳಿಗೆ ಪೆಟ್ಟಾಯಿತು, ಮತ್ತೆಂದೂ ರಿಂಗು ಹತ್ತಲಿಲ್ಲ. ಅವನು ಕೋರ್ಟಿಗೂ ಹೋದ. ತೂಕ ಇಳಿಸಿದರೆ ಲಾಭವಿದೆಯಾ ಎಂದು ನೀನು ಕೇಳಿದರೆ ಆ ರಾತ್ರಿಯ ಉತ್ತರ ‘ಇದೆ’ ಎಂದೇ. ಆ ಲಾಭ ಯಾರ ತಲೆಯ ಮೇಲೆ ಬಂತು ಎಂಬುದನ್ನೂ ಜೊತೆಗೇ ನೋಡಬೇಕು.

ಇನ್ನು ಉಳಿದ ಅರ್ಧ. ಮ್ಯಾನಿ ಪ್ಯಾಕಿಯಾವೋ ಹೆಸರು ನಿನಗೆ ನಾನು ಹೇಳಬೇಕಿಲ್ಲ, ನಿನ್ನ ಫೋನಿನ ಮೇಲೇ ಅವನ ಚಿತ್ರವಿದೆ. ಅವನ ಕತೆಯನ್ನು ತೂಕದ ಕಡೆಯಿಂದ ಓದಿ ನೋಡು. ಹದಿನಾರರ ವಯಸ್ಸಿನಲ್ಲಿ ಪ್ರೊಫೆಷನಲ್ ಆದಾಗ ಅವನಿಗೆ ಬೇಕಾದಷ್ಟು ತೂಕವೇ ಇರಲಿಲ್ಲ, ಜೇಬಿಗೆ ಭಾರ ತುಂಬಿಕೊಂಡು ತಕ್ಕಡಿ ಹತ್ತಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. 1998ರಲ್ಲಿ 112 ಪೌಂಡಿನ ಫ್ಲೈವೇಟಿನಲ್ಲಿ ವಿಶ್ವ ಚಾಂಪಿಯನ್ ಆದ. ಆದರೆ ಬೆಳೆಯುವ ಹುಡುಗ. 1999ರ ಸೆಪ್ಟೆಂಬರಿನಲ್ಲಿ ಥಾಯ್ಲೆಂಡಿನಲ್ಲಿ ಕಿರೀಟ ಉಳಿಸಿಕೊಳ್ಳಲು ಹೋದಾಗ ಮೈ ಆ 112ಕ್ಕೆ ಇಳಿಯಲೇ ಇಲ್ಲ. ಕಿರೀಟ ತಕ್ಕಡಿಯ ಮೇಲೇ ಹೋಯಿತು. ಹಿಂಡಿ ಹಿಪ್ಪೆಯಾದ ಮೈಯಲ್ಲೇ ರಿಂಗಿಗಿಳಿದು ಮೂರನೇ ಸುತ್ತಿನಲ್ಲಿ ಹೊಟ್ಟೆಗೆ ಬಿದ್ದ ಒಂದು ಪೆಟ್ಟಿಗೆ ಮಡಿಸಿ ಕೂತ. ಇಪ್ಪತ್ತು ವರ್ಷ ಅವನಿಗಾಗ, ನಿನಗಿಂತ ಒಂದು ವರ್ಷ ದೊಡ್ಡವನು.

ಆಮೇಲೆ ಏನು ಮಾಡಿದ? ಇನ್ನೂ ಚೆನ್ನಾಗಿ ಇಳಿಸುವುದು ಹೇಗೆಂದು ಕಲಿಯಲಿಲ್ಲ. ನಡುವಿನ ಎರಡು ವಿಭಾಗ ಬಿಟ್ಟು ಒಂದೇ ಸಲ 122 ಪೌಂಡಿಗೆ ಹಾರಿದ. 2001ರಲ್ಲಿ ಅಲ್ಲಿ ಚಾಂಪಿಯನ್ ಆದ. ಮೇಲೆ ಮೇಲೆ ಹತ್ತುತ್ತಲೇ ಹೋಗಿ ಎಂಟು ವಿಭಾಗಗಳಲ್ಲಿ ವಿಶ್ವ ಕಿರೀಟ ತೊಟ್ಟ. 2008ರ ಡಿಸೆಂಬರಿನಲ್ಲಿ ಆಸ್ಕರ್ ಡಿ ಲಾ ಹೋಯಾ ಎದುರು ನಿಂತಾಗ ಎಲ್ಲರೂ ಅಯ್ಯೋ ಪಾಪ ಅಂದಿದ್ದರು. ಡಿ ಲಾ ಹೋಯಾ ಎತ್ತರದ ಆಳು, ಬಹಳ ವರ್ಷದಿಂದ ಮೇಲಿನ ತೂಕಗಳಲ್ಲಿ ಆಡಿದವನು. ಈ ಒಂದು ಆಟಕ್ಕಾಗಿ 147 ಪೌಂಡಿನ ವೆಲ್ಟರ್‌ವೇಟಿಗೆ ಇಳಿದು ಬಂದಿದ್ದ. ತೂಕದ ದಿನ ಅವನು 145, ಪ್ಯಾಕಿಯಾವೋ 142. ಆಟದ ರಾತ್ರಿ ಮತ್ತೆ ತೂಗಿದಾಗ ಡಿ ಲಾ ಹೋಯಾ 147ಕ್ಕೆ ನಿಂತಿದ್ದ, ಸಣ್ಣವನೆಂದು ಎಲ್ಲರ ಕನಿಕರಕ್ಕೆ ಗುರಿಯಾಗಿದ್ದವನು 148 ದಾಟಿದ್ದ. ದೊಡ್ಡ ಮೈ ಎಷ್ಟು ಒಣಗಿತ್ತೆಂದರೆ ಕುಡಿದ ನೀರನ್ನೂ ಹಿಡಿದಿಟ್ಟುಕೊಳ್ಳಲಿಲ್ಲ. ಎಂಟು ಸುತ್ತು ಮುಗಿದ ಮೇಲೆ ಅವನು ಸ್ಟೂಲಿನಿಂದ ಏಳಲಿಲ್ಲ, ಮತ್ತೆ ಎಂದೂ ಆಡಲಿಲ್ಲ. ಒಂಬತ್ತು ವರ್ಷದ ಹಿಂದೆ ಥಾಯ್ಲೆಂಡಿನಲ್ಲಿ ಒಣಗಿದ್ದವನಿಗೆ ಒಣಗಿದ ಎದುರಾಳಿಯ ಗುರುತು ಸಿಕ್ಕಿರಲೇಬೇಕು ಎಂಬುದು ನನ್ನ ಊಹೆ.

ಹಾಗಾದರೆ ಯಾವುದು ಸರಿ? ಆಸ್ಟ್ರೇಲಿಯಾದ ಕೆಲವು ಸಂಶೋಧಕರು ಜೂಡೊ ಮತ್ತು ಹವ್ಯಾಸಿ ಬಾಕ್ಸಿಂಗ್ ಎರಡನ್ನೂ ತೂಗಿ ನೋಡಿದ್ದಾರೆ. ತೂಕ ಕೊಟ್ಟ ಮೇಲೆ ಯಾರು ಎಷ್ಟು ತುಂಬಿಕೊಂಡರು, ಯಾರು ಗೆದ್ದರು ಎಂದು. ಜೂಡೊದಲ್ಲಿ ಹೆಚ್ಚು ತುಂಬಿಕೊಂಡವರು ಹೆಚ್ಚು ಗೆದ್ದಿದ್ದರು. ಬಾಕ್ಸಿಂಗಿನಲ್ಲಿ ಅಂಥ ನಂಟೇ ಸಿಗಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಹಿಡಿದು ಕೆಡವುವ ಆಟದಲ್ಲಿ ಎರಡು ಕೆ.ಜಿ. ಹೆಚ್ಚಿದ್ದರೆ ಎದುರಾಳಿಯ ಬೆನ್ನಿಗೆ ಗೊತ್ತಾಗುತ್ತದೆ, ಕಬಡ್ಡಿಯಲ್ಲಿ ಸೊಂಟಕ್ಕೆ ಬಿದ್ದವನ ಭಾರ ನಿನಗೂ ಗೊತ್ತು. ಬಾಕ್ಸಿಂಗಿನಲ್ಲಿ ಮೊದಲು ಬೇಕಾದದ್ದು ಕಾಲು, ಕಣ್ಣು, ದಮ್ಮು. ನೀರು ಬಿಟ್ಟ ಮೈಯಲ್ಲಿ ಮೊದಲು ಹೋಗುವುದೂ ಅವೇ.

ಮೈಯ ಲೆಕ್ಕ ಹೀಗಿದೆ. ನಿನ್ನ 67 ಕೆ.ಜಿ.ಯಲ್ಲಿ ಸುಮಾರು 40 ಲೀಟರ್ ನೀರೇ. ಅದರಲ್ಲಿ ರಕ್ತದ ಜೊತೆ ಓಡಾಡುವ ದ್ರವ ಮೂರು ಲೀಟರಿನಷ್ಟು. ಬೆವರು ಬಸಿದುಕೊಳ್ಳುವುದು ಅದರಿಂದಲೇ. ಅದು ಇಳಿದಾಗ ಹೃದಯ ಅಷ್ಟೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕು. ಮೈತೂಕದ ನೂರಕ್ಕೆ ಎರಡು ಪಾಲು, ನಿನಗಾದರೆ 1.3 ಕೆ.ಜಿ., ನೀರು ಹೋದರೆ ಸಾಕು, ಓಟದ ದಮ್ಮು ಕಡಿಮೆಯಾಗತೊಡಗುತ್ತದೆ. ನಿನಗೆ ಇಳಿಸಲು ಹೇಳಿರುವುದು ಹತ್ತಿರ ಹತ್ತಿರ ಆರು ಕೆ.ಜಿ. ವಾಪಸು ತುಂಬುವುದು ಸುಲಭ ಅಂದುಕೊಳ್ಳಬೇಡ. ಹೊಟ್ಟೆ ಗಂಟೆಗೆ ಒಂದು ಲೀಟರಿನ ಆಸುಪಾಸು ಮಾತ್ರ ಮುಂದಕ್ಕೆ ಬಿಡುತ್ತದೆ, ಗಟಗಟ ಕುಡಿದದ್ದು ಹೊಟ್ಟೆಯಲ್ಲೇ ಕುಲುಕಾಡುತ್ತದೆ. ಉಪ್ಪಿಲ್ಲದ ಬರೀ ನೀರು ಬೇಗ ಮೂತ್ರವಾಗಿ ಹೊರಟುಹೋಗುತ್ತದೆ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಮಿನ ಜೊತೆ ಮೂರು ಗ್ರಾಮಿನಷ್ಟು ನೀರು ಇರುತ್ತದೆ. ಊಟ ಬಿಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ, ತಕ್ಕಡಿ ಖುಷಿಪಡಿಸುತ್ತದೆ. ಆ ಸಕ್ಕರೆ ಮತ್ತೆ ತುಂಬಲು ಚೆನ್ನಾಗಿ ಉಂಡರೂ ಒಂದು ದಿನವಾದರೂ ಬೇಕು.

ತಲೆಯ ವಿಷಯ ಬೇರೆಯೇ. ಕುಸ್ತಿಯಲ್ಲಿ ಒಣಗಿದವನು ಸೋತು ಮಟ್ಟಿಯ ಮೇಲೆ ಬೀಳುತ್ತಾನೆ, ಬಾಕ್ಸಿಂಗಿನಲ್ಲಿ ಒಣಗಿದವನ ತಲೆಗೇ ಎದುರಿನವನು ಗುರಿಯಿಡುತ್ತಾನೆ. ನೀರಿಳಿದಾಗ ಮಿದುಳು ಕೂಡ ಒಂದಿಷ್ಟು ಕುಗ್ಗುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಕುಗ್ಗಿದ ಮಿದುಳಿಗೆ ಪೆಟ್ಟು ಬಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದೆಂಬ ಶಂಕೆ ವೈದ್ಯರಲ್ಲಿದೆ. ಅದು ನೂರಕ್ಕೆ ನೂರು ಸಾಬೀತಾಗುವವರೆಗೆ ನಿನ್ನ ತಲೆಯನ್ನು ಪರೀಕ್ಷೆಗೆ ಕೊಡುವುದು ಬೇಡ.

ಕುಸ್ತಿಯ ಅಮನ್ ಸೆಹ್ರಾವತ್ ಮಾಡಲಿಲ್ಲವಾ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ. ಮಾಡಿದ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹತ್ತು ಗಂಟೆಯಲ್ಲಿ 4.6 ಕೆ.ಜಿ. ಇಳಿಸಿ 57 ಕೆ.ಜಿ.ಯಲ್ಲಿ ಕಂಚು ಗೆದ್ದ. ಅದೇ ವಾರ, ಅದೇ ಊರಿನಲ್ಲಿ, ವಿನೇಶ್ ಫೋಗಟ್ ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿಕೊಂಡು, ಬೆಳಿಗ್ಗೆ 100 ಗ್ರಾಮಿಗೆ ಫೈನಲ್ ಕಳೆದುಕೊಂಡಳು. ಇಬ್ಬರ ಹಿಂದೆಯೂ ತಜ್ಞರಿದ್ದರು, ಇಬ್ಬರೂ ರಾತ್ರಿಯಿಡೀ ನಿದ್ದೆಗೆಟ್ಟವರು. ಬಾಕ್ಸರ್ ಮೇರಿ ಕೋಮ್ 2018ರಲ್ಲಿ ಪೋಲೆಂಡಿಗೆ ಇಳಿದ ಕೂಡಲೇ ನಾಲ್ಕು ತಾಸಿನಲ್ಲಿ ಎರಡು ಕೆ.ಜಿ. ಇಳಿಸಿ ಚಿನ್ನ ತಂದದ್ದೂ ನಿಜ. ಆದರೆ ಅದಕ್ಕೆ ಮೊದಲು ಅವಳು ಐದು ಸಲ ವಿಶ್ವ ಚಾಂಪಿಯನ್ ಆಗಿದ್ದಳು, ತನ್ನ ಮೈಯ ಹದ ಬಲ್ಲವಳು. ಇಂಥ ಗೆಲುವುಗಳು ಸುದ್ದಿಯಾಗುತ್ತವೆ, ಸಾವುಗಳು ಮರೆತುಹೋಗುತ್ತವೆ. 1997ರ ನವೆಂಬರ್, ಡಿಸೆಂಬರಿನಲ್ಲಿ ಅಮೆರಿಕದ ಮೂರು ಕಾಲೇಜುಗಳ ಮೂವರು ಕುಸ್ತಿ ಹುಡುಗರು ತೂಕ ಇಳಿಸುವಾಗಲೇ ಸತ್ತರು. ರಬ್ಬರ್ ಸೂಟು, ಬಿಸಿ ಕೋಣೆ, ಸೈಕಲ್ಲು, ನೀರಿಲ್ಲ. ಆ ದೇಶದ ಕಾಲೇಜು ಕುಸ್ತಿಯವರು ಆ ರಬ್ಬರ್ ಸೂಟನ್ನೂ ಸೌನಾವನ್ನೂ ನಿಷೇಧಿಸಿದರು, ತೂಕವನ್ನು ಆಟಕ್ಕೆ ಒಂದೆರಡು ತಾಸು ಹತ್ತಿರಕ್ಕೆ ತಂದರು. ಬಾಕ್ಸಿಂಗ್‌ನವರು ಮಾಡಿದ್ದಕ್ಕೆ ತದ್ವಿರುದ್ಧ. ತುಂಬಿಕೊಳ್ಳಲು ಹೊತ್ತೇ ಸಿಗದಿದ್ದರೆ ಹುಡುಗರು ಇಳಿಸುವ ಹುಚ್ಚಿಗೇ ಹೋಗುವುದಿಲ್ಲ ಎಂಬ ಲೆಕ್ಕ. ನನಗೆ ಈ ಲೆಕ್ಕ ಹೆಚ್ಚು ಸರಿ ಕಾಣುತ್ತದೆ.

ನಮ್ಮ ಹಿರಿಯರ ಬಯಲು ಕುಸ್ತಿಯಲ್ಲಿ ತಕ್ಕಡಿಯೇ ಇರಲಿಲ್ಲ. ಜಾತ್ರೆಯ ಕಣದಲ್ಲಿ ಹಳೆಯ ಪೈಲ್ವಾನರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಭುಜ, ಕತ್ತು, ತೊಡೆ ನೋಡಿ, ಕೈ ಕೂಡಿಸಿ ಜೋಡಿ ಕಟ್ಟುತ್ತಿದ್ದರು. ಮೈಸೂರು ದಸರಾ ಕುಸ್ತಿಗೆ ಈಗಲೂ ಮೊದಲೇ ಒಂದು ದಿನ ಕೂತು ಜೋಡಿ ಕಟ್ಟುವ ಪದ್ಧತಿ ಇದೆ. ಅದರಲ್ಲಿ ತಪ್ಪೂ ಆಗುತ್ತಿತ್ತು, ತಮ್ಮವನಿಗೆ ಹಗುರ ಜೋಡಿ ಕೊಡಿಸುವ ಕಳ್ಳಾಟವೂ ಇತ್ತು, ಹೊಗಳಿ ಹಾಡಬೇಕಿಲ್ಲ. ಆದರೆ ಹಿಂದಿನ ರಾತ್ರಿ ಉಪವಾಸ ಬಿದ್ದು ಕಣಕ್ಕೆ ಬರುವ ಪೈಲ್ವಾನನನ್ನು ಗರಡಿಯ ಉಸ್ತಾದರು ಒಳಗೇ ಬಿಡುತ್ತಿರಲಿಲ್ಲ. ಹೋರಿ ಹಬ್ಬಕ್ಕೆ ಹೋರಿ ಸಾಕುವವರನ್ನು ನೋಡು, ಹುರುಳಿ, ಹಿಂಡಿ ಎಂದು ವರ್ಷವಿಡೀ ತಿನ್ನಿಸಿ, ಓಡಿಸಿ, ಈಜಿಸಿ ಹುರಿಗೊಳಿಸುತ್ತಾರೆ. ಅಖಾಡದ ಹಿಂದಿನ ದಿನ ನೀರು ತಪ್ಪಿಸಿ ಕಟ್ಟಿದವನನ್ನು ಸೊರಬ ಸೀಮೆಯಲ್ಲಿ ನಾನು ಕಂಡಿಲ್ಲ.

ನೀನು ಇಳಿದರೆ ಅನುಕೂಲ ಯಾರಿಗೆ ಎಂದೂ ಒಂದು ಸಲ ಯೋಚಿಸು. ಕಾರ್ಯಕ್ರಮ ನಡೆಸುವವನಿಗೆ 61ರಲ್ಲಿ ಒಂದು ಜಾಗ ಖಾಲಿ ಇರಬಹುದು. ಅವನ ಹುಡುಗನಿಗೆ ಎದುರಾಳಿ ಬೇಕಿರಬಹುದು. ಒಣಗಿ ಬಂದ ಹೊಸಬ ಸಿಕ್ಕರೆ ಅವನಿಗೇನು ನಷ್ಟ? ಮೊದಲ ಪ್ರೊಫೆಷನಲ್ ಆಟ ಸಾಮಾನ್ಯವಾಗಿ ನಾಲ್ಕು ಸುತ್ತು, ಒಂದೊಂದು ಮೂರು ನಿಮಿಷ. ಮೊದಲ ಸುತ್ತಿನಲ್ಲಿ ನಿನ್ನ ಉದ್ದ ಕೈ ಕೆಲಸ ಮಾಡೀತು, ಮೂರನೆಯದರಲ್ಲಿ ಕಾಲು ಎಲ್ಲಿದೆಯೆಂದು ನೀನೇ ಹುಡುಕಬೇಕಾಗುತ್ತದೆ. ಸೋತರೆ ನಿನ್ನ ದಾಖಲೆಯಲ್ಲಿ ಸೋಲು ಎಂದಷ್ಟೇ ಬರುತ್ತದೆ, ಆರು ಕೆ.ಜಿ. ಒಣಗಿಸಿಕೊಂಡಿದ್ದ ಎಂದು ಯಾರೂ ಬರೆಯುವುದಿಲ್ಲ.

ಈಗ ಮಾಡಬೇಕಾದ್ದು ಕೇಳು. 67 ನಿನ್ನ ಇವತ್ತಿನ ತೂಕ. ವೆಲ್ಟರ್‌ವೇಟಿನ ಮಿತಿ 66.7, ಅಂದರೆ ನೀನು ಈಗಾಗಲೇ ಬಾಗಿಲಲ್ಲೇ ನಿಂತಿದ್ದೀಯ. ಅದರ ಕೆಳಗೆ 63.5 ಇದೆ. ನಿನ್ನ ಸೊಂಟದ ಸುತ್ತ ನಿಜವಾಗಿ ಕೊಬ್ಬಿದ್ದರೆ ಅದನ್ನು ಇಳಿಸು, ಬೇಡ ಎನ್ನುವುದಿಲ್ಲ, ವಾರಕ್ಕೆ ಅರ್ಧ ಕೆ.ಜಿ.ಯಂತೆ. ಏಳೆಂಟು ವಾರ ಹಿಡಿಯುತ್ತದೆ, ಹಿಡಿಯಲಿ. ಅನ್ನ ಒಂದು ಸೌಟು ಕಡಿಮೆ, ಕಾಳುಪಲ್ಯ, ಮೊಟ್ಟೆ ಹೆಚ್ಚು, ಬೇಕರಿ ತಿಂಡಿ ಬಂದ್. ನೀರು ಮಾತ್ರ ಒಂದು ದಿನವೂ ಬಿಡಬೇಡ. ಮೂತ್ರ ಕಡು ಹಳದಿಗೆ ತಿರುಗಿದರೆ ಅವತ್ತು ಪ್ರಾಕ್ಟೀಸು ನಿಲ್ಲಿಸು. ನೀರಿಳಿಸುವ ಮಾತ್ರೆ ಎಂದು ಯಾರಾದರೂ ಲ್ಯಾಸಿಕ್ಸ್ ಕೊಟ್ಟರೆ ಮುಖ ನೋಡದೆ ಹಿಂದಕ್ಕೆ ಕೊಡು. ಅದು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲೂ ಇದೆ, ಹೃದಯದ ಬಡಿತವನ್ನೂ ಕೆಡಿಸುತ್ತದೆ. ಆಟದ ವಾರ ಒಂದು ಕೆ.ಜಿ. ಹೆಚ್ಚಿದ್ದರೆ ಉಪ್ಪು, ನಾರಿನ ಆಹಾರ ಸ್ವಲ್ಪ ತಗ್ಗಿಸಿದರೆ ಅದು ಇಳಿದೀತು. ಅದಕ್ಕಿಂತ ಹೆಚ್ಚು ಬಾಕಿ ಇದ್ದರೆ ನೀನು ತಪ್ಪು ವಿಭಾಗಕ್ಕೆ ಒಪ್ಪಿಕೊಂಡಿದ್ದೀಯ ಎಂದೇ ಅರ್ಥ. ತೂಕ ಮುಗಿದ ಮೇಲೆ ಮಂಡಕ್ಕಿ, ಸೋಡಾ ಬೇಡ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಬಾಳೆಹಣ್ಣು, ಸ್ವಲ್ಪ ಸ್ವಲ್ಪವೇ, ಮಲಗುವವರೆಗೂ.

ನಿನ್ನ ಕೋಚ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಅವರನ್ನು ಕೂರಿಸಿಕೊಂಡು ಕೇಳು: ತೂಕ ಎಷ್ಟು ಗಂಟೆಗೆ, ಆಟ ಎಷ್ಟು ಗಂಟೆಗೆ? ಈ ಆರರಲ್ಲಿ ಕೊಬ್ಬೆಷ್ಟು, ನೀರೆಷ್ಟು? ಇಳಿಸುವಾಗ ಪಕ್ಕದಲ್ಲಿ ಡಾಕ್ಟರ್ ಇರುತ್ತಾರಾ? ರಿಂಗಿನ ಬಳಿ ಆಂಬುಲೆನ್ಸ್ ನಿಂತಿರುತ್ತದಾ? ನಾಲ್ಕಕ್ಕೂ ನೆಟ್ಟಗೆ ಉತ್ತರ ಬಂದರೆ ನನಗೆ ಫೋನ್ ಮಾಡು, ನಿನ್ನಮ್ಮನಿಗೆ ನಾನೇ ಹೇಳುತ್ತೇನೆ. ಬರದಿದ್ದರೆ 66.7ಕ್ಕೇ ಹೆಸರು ಕೊಡು. ಅದಕ್ಕೂ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ದಿನಾ ಬೆಳಿಗ್ಗೆ ಎದ್ದವನೇ, ಏನೂ ತಿನ್ನದೆ ಕುಡಿಯದೆ, ತೂಕ ಬರೆದಿಡಲು ಶುರು ಮಾಡು, ಪಕ್ಕದಲ್ಲಿ ಅವತ್ತು ಎಷ್ಟು ಸುತ್ತು ಆಡಿದೆ, ಕೊನೆಯ ಸುತ್ತಿನಲ್ಲಿ ಕಾಲು ಹೇಗಿತ್ತು ಎಂದು. ಯುಗಾದಿಗೆ ಬರುವಾಗ ಆ ಪುಸ್ತಕ ತಗೊಂಡು ಬಾ. 63.5 ನಿನಗೆ ಆಗುತ್ತದೋ ಇಲ್ಲವೋ ಅದನ್ನು ನೋಡಿ ಹೇಳೋಣ.